ಬಂತಾ?

ಮೂವತ್ತೊಂದು ವರ್ಷ ಕಂಬ ಹತ್ತಿದವನು ನಾನು,
ಉರ್ವದಿಂದ ಕೊಟ್ಟಾರದ ತನಕ
ಯಾವ ಫ್ಯೂಸು ಎಷ್ಟು ಗಾಳಿಗೆ ಹಾರುತ್ತದೆಂದು ಬಲ್ಲವನು.
ಕರೆಂಟನ್ನು ಮೈಗೆ ಮುಟ್ಟಗೊಡದೆ
ನಿವೃತ್ತಿಯ ಕೇಕು ತಿಂದವನು.

ಈಗ ಅತ್ತಾವರದ ಆಸ್ಪತ್ರೆಯ ಎರಡನೇ ಮಾಳಿಗೆಯಲ್ಲಿ
ಪ್ಯಾಂಟು ಮೊಣಕಾಲಿಗೆ ಮಡಚಿ ಕೂತಿದ್ದೇನೆ.
ಹರಡಿನಿಂದ ಮೇಲಕ್ಕೆ ಮೂರು ಬೆರಳು ಅಳೆದು
ನಫೀಸಾ ಸಿಸ್ಟರು ಕೂದಲೆಳೆಯಂಥ ಸೂಜಿ ಇಳಿಸುತ್ತಾಳೆ.
"ಹೆದರಬೇಡಿ ಸಾಲ್ಯಾನರೇ, ಒಂಬತ್ತು ವೋಲ್ಟಿನ ಬ್ಯಾಟರಿ."
ನನಗೆ ನಗು. ಹನ್ನೊಂದು ಸಾವಿರದ ಲೈನಿನ ಬುಡದಲ್ಲಿ
ಬುತ್ತಿ ಬಿಚ್ಚಿ ಉಂಡವನಿಗೆ!

ನಗು ಹೊಟ್ಟೆಯ ಕೆಳಗೆ ಹೋಗಿ ನಿಲ್ಲುತ್ತದೆ.
ಅಲ್ಲಿ ತುಂಬಿದ ಟ್ಯಾಂಕು. ವಾಲ್ವು ಜಾಮು.
ಸಕ್ಕರೆ ಕಾಯಿಲೆ ನರ ತಿಂದಿದೆ ಅಂದರು ಡಾಕ್ಟರು,
ಮೂತ್ರಕೋಶಕ್ಕೆ ಹೊರಟ ಮಾತು
ದಾರಿಯಲ್ಲೇ ಎಲ್ಲೋ ಬಿದ್ದುಹೋಗುತ್ತದಂತೆ.
ದಿನಕ್ಕೆ ನಾಲ್ಕು ಸಲ ಬಾಗಿಲು ಹಾಕಿ
ಕೊಳವೆಗೆ ಜೆಲ್ಲಿ ಸವರಿ
ನನ್ನ ನೀರನ್ನು ನಾನೇ ಕದಿಯುವ ಹಾಗೆ ಇಳಿಸುತ್ತೇನೆ.
ಭಾವನ ಮನೆಯ ನೇಮಕ್ಕೂ ಹೋಗಲಿಲ್ಲ.
ಕೇಳಿದವರಿಗೆ ಮೊಣಕಾಲು ನೋವು ಅಂದೆ.

"ಹೆಬ್ಬೆರಳು ನೋಡ್ತಾ ಇರಿ," ಗುಂಡಿ ತಿರುಗಿಸುತ್ತಾಳೆ.
ಇಲ್ಲ. ಇನ್ನೂ ಇಲ್ಲ. ಈಗ,
ನಾನು ಹೇಳದೆ, ತಾನೇ,
ಟಕ್ಕೆಂದು ಬಾಗುತ್ತದೆ
ಟೆಸ್ಟರಿನ ಹೊಟ್ಟೆಯ ಸಣ್ಣ ಕೆಂಪು ದೀಪದ ಹಾಗೆ.
ಲೈನು ಸಿಕ್ಕಿತು.

ಅರ್ಧ ಗಂಟೆ. ಅಂಗಾಲಲ್ಲಿ ಇರುವೆ ಸಾಲು.
ಪಕ್ಕದ ಕುರ್ಚಿಯಲ್ಲಿ ಬಂದರಿನ ಗಿರಿಜಕ್ಕ.
ಎರಡನೇ ಹೆರಿಗೆಯಿಂದ ಹೀಗೇ ಉಂಟು ಮಾರಾಯ್ರೆ ಅಂತ
ಗಂಡನಿಗೂ ಹೇಳದ್ದನ್ನು ನನಗೆ ಹೇಳಿದಳು,
ಬಂಗುಡೆಯ ರೇಟು ಹೇಳುವ ದನಿಯಲ್ಲೇ.

ಹನ್ನೆರಡು ವಾರದ ಲೆಕ್ಕ. ಒಂಬತ್ತಕ್ಕೇ ಸಾಕೆನಿಸಿತ್ತು.
ಕೆಲವರಿಗೆ ಹಿಡಿಯುತ್ತದೆ, ಕೆಲವರಿಗೆ ಇಲ್ಲ
ಅಂದಿದ್ದರು ಡಾಕ್ಟರು ಮೊದಲ ದಿನವೇ.
ಸುಳ್ಳು ಹೇಳಲಿಲ್ಲ, ಪುಣ್ಯಾತ್ಮ.

ನಿನ್ನೆ ನಸುಕಿಗೆ ನಾಲ್ಕೂವರೆಗೆ ಎದ್ದು ನಿಂತೆ.
ನಳ್ಳಿ ಬಿಟ್ಟೆ. ಸಣ್ಣವನಿದ್ದಾಗ ಅಮ್ಮ ಅನ್ನುತ್ತಿದ್ದಳಲ್ಲ
ಸ್ಸ್... ಸ್ಸ್... ಅದೂ ಹಾಗೇ ಅನ್ನತೊಡಗಿತು.
ಕಾಲು ಮರಗಟ್ಟುವಷ್ಟು ಹೊತ್ತಿನ ಮೇಲೆ
ಅಂಜುತ್ತ, ನಿಂತು, ಮತ್ತೆ
ಬಂತು.

ಅಳತೆಯ ಜಗ್ಗಿನಲ್ಲಿ ನೂರಹತ್ತು.
ಆಮೇಲೆ ಕೊಳವೆ ಹಾಕಿದರೆ ಒಳಗೆ ಇನ್ನೂ ಇನ್ನೂರು.

ಬಾಗಿಲಾಚೆ ಲೀಲಾವತಿ ಕೆಮ್ಮಿದಳು.
ಕತ್ತಲ ಕೇರಿಯಲ್ಲಿ ನಾನು ಕಂಬದ ಮೇಲಿದ್ದಾಗ
ಕೆಳಗಿನಿಂದ ಜನ ಕೂಗುತ್ತಿದ್ದ ಅದೇ ಪ್ರಶ್ನೆ:
"ಬಂತಾ?"

"ಒಂದು ಫೇಸು," ಅಂದೆ.