ಎರಡು ತಾಸಿನ ಕೈ

ಏಳಕ್ಕ ಒಂದು, ಹನ್ನೊಂದಕ್ಕ ಒಂದು,
ಮೂರಕ್ಕ ಅರ್ಧ.
ಉಂಡ ಕೂಡಲೇ ಕೊಡಬ್ಯಾಡ್ರಿ ಅಂದಾರ,
ಹಾಲು, ಬ್ಯಾಳಿ ಅದರ ದಾರಿ ಕಟ್ಟತಾವಂತ.
ಗುಳಗಿಗೂ ಒಂದು ದಾರಿ ಐತಿ ಅಂತ
ಅವತ್ತ ಗೊತ್ತಾತು ನನಗ.

ಬಾಗಲಕೋಟಿ ದವಾಖಾನಿ ಖಿಡಕಿಯೊಳಗ
ಪೇಷಂಟ್ ಹೆಸರೇನು ಅಂತ ಹುಡುಗಿ ಕೇಳಿದಾಗ
ಮೂವತ್ತೆಂಟು ವರ್ಷದಾಗ ಮೊದಲ ಸಲ
ಒಡಪು ಕಟ್ಟದ, ನಾಚದ, ನೆಟ್ಟಗ ಹೇಳಿದೆ:
ಮಾಂತಪ್ಪ.
ಅವರು ಬಾಂಕಿನ ಮ್ಯಾಲ ಕುಂತು
ತಮ್ಮ ಬಲಗೈ ಎಡಗೈಲೆ ಹಿಡಕೊಂಡಿದ್ದರು,
ಸಂತ್ಯಾಗ ತಪ್ಪಿಸಿಕೊಳ್ಳೊ ಕೂಸಿನ್ನ ಹಿಡದಂಗ.

ಡಾಕ್ಟರು ಹಾಳಿ ಮ್ಯಾಲ ಎರಡು ಗೀಟು ಎಳದರು.
ಇದೊಂದು ನರ, ಇದೊಂದು ನರ. ನಡುವ ಸಂದು.
ಸಂದಿನ್ಯಾಗ ಒಂದು ರಸ ಇರತೈತಿ,
ನಿಮ್ಮವರಿಗೆ ಅದು ಬತ್ತಾಕ ಹತ್ತೈತಿ.
ಕೊಂಡಿ ಬಿಚ್ಚೈತೇನ್ರಿ, ಅಂದೆ ನಾ.
ಅವರಿಗೆ ತಿಳೀಲಿಲ್ಲ.
ಇಳಕಲ್ಲಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ:
ಮೈಯ ಹಾಸು ಬ್ಯಾರೆ, ಸೆರಗಿನ ಹಾಸು ಬ್ಯಾರೆ,
ಎಳಿಗೆ ಎಳಿ ಕೊಂಡಿ ಹಾಕಿದರಷ್ಟ ಸೀರಿ.
ಇಲ್ಲಂದರ ಎರಡು ಅರಬಿ.

ಮೊದಲನೇ ಗುಳಗಿ ನುಂಗಿದ ಮ್ಯಾಲ
ನಲವತ್ತು ಮಿನಿಟು ಗೋಡಿ ಗಡಿಯಾರ ನೋಡಿದೆ.
ರೊಕ್ಕ ಎಣಿಸೂ ಹಂಗ ತಿಕ್ಕತಿದ್ದ ಹೆಬ್ಬಟ್ಟು
ನಿಂತಿತು.
ಆಮ್ಯಾಲ ಮಾರಿ ಸಡಲಾತು.
ಎಷ್ಟು ದಿವಸದ ಮ್ಯಾಲೋ,
ನನ್ನ ನೋಡಿ ಕಣ್ಣು ಮಿಟಿಕಿಸಿದರು.
ಕುಣಿಯೊಳಗ ಕಾಲಿಳಿಬಿಟ್ಟು ಕುಂತು ಲಾಳಿ ಒಗದರು,
ಆ ಕಡಿಂದ ಈ ಕಡಿಗೆ ಎಡವದ ಬಂತು.
ನಾ ರಾಟಿ ಬಿಟ್ಟೆದ್ದು ಒಲಿ ಮುಂದ ಹೋಗಿ ಅತ್ತೆ.
ಹೊಗಿ ಅಂತ ಹೇಳಾಕೂ ಬರಲಿಲ್ಲ,
ಗ್ಯಾಸಿನ ಒಲಿ.

ಎರಡು ತಾಸು. ಪುಣ್ಯ ಇದ್ದರ ಎರಡೂವರಿ.
ಆಮ್ಯಾಲ ಗುಳಗಿ ತನ್ನ ಕೈ ತಾ ತಗೊಂಡು ಹೋಗತಿತ್ತು,
ಅವರ ಕೈ ಅವರಿಗೆ ಬಿಟ್ಟು.

ಮರುವರ್ಷ ಇನ್ನೊಂದು ಕೂಡಿಸಿದರು.
ಸಣ್ಣದು, ಬೆಳ್ಳಗ, ಜೋಳದ ನುಚ್ಚಿನಷ್ಟು.
ಅದು ರಸ ಅಲ್ಲಂತ, ರಸದ ವೇಷ ಹಾಕಿದ್ದಂತ;
ಮಿದುಳಿನ ಬಾಗಿಲ ಬಡದು
ನಾನ ಬಂದೀನಿ ಅಂತೈತಂತ.
ಬಾಗಿಲು ತೆರೀತಾವ.
ತೆರೀಬಾರದ್ದೂ.

ಜೀವಮಾನದಾಗ ಇಸ್ಪೀಟು ಮುಟ್ಟದವರು
ಓಸಿ ಬರಸಾಕ ಹತ್ತಿದರು.
ಮೊದಲು ಹತ್ತು ರೂಪಾಯಿ, ಆಮ್ಯಾಲ ನೂರು.
ಸೀರಿ ಲೆಕ್ಕದ ಬುಕ್ಕಿನ ಹಿಂದ
ಓಪನ್ ಮೂರು, ಕ್ಲೋಸ್ ಎಂಟು.
ನಡುರಾತ್ರಿ ಎದ್ದು ಎಳಿ ಎಣಿಸಿದಂಗ ಅಂಕಿ ಎಣಿಸತಿದ್ದರು,
ಕಣ್ಣು ಹೊಳೀತಿದ್ದುವು,
ಮದುವಿ ಹೊಸದರಾಗ ಹೊಳದಂಗ.
ರೇಶಿಮಿ ಲಡಿ ಹೋತು. ನನ್ನ ಬೋರಮಾಳ ಹೋತು.
ಬೈದೆ. ಸತ್ತ ನಮ್ಮತ್ತಿನ್ನೂ ಬಿಡದ,
ಓಣಿಗೆಲ್ಲಾ ಕೇಳೂ ಹಂಗ ಬೈದೆ.
ಅವರು ಅಂದರು:
ಬೇಕು ಅನಸತೈತಿ. ನನಗಲ್ಲ. ಅದಕ್ಕ.
ಯಾವುದಕ್ಕ?
ತಲಿ ಮುಟ್ಟಿ ತೋರಿಸಿದರು.

ಎಂಟು ತಿಂಗಳು ಯಾರ ಮುಂದೂ ಬಾಯಿ ಬಿಡಲಿಲ್ಲ.
ಕಡೀಕ ಡಾಕ್ಟರಿಗೆ ಹೇಳಿದಾಕಿ ಬಾಜೂ ಮನಿ ಶಾಕೀರಾ,
ಜೋಡಿಗೆ ಅಂತ ಬಂದಾಕಿ.
ಡಾಕ್ಟರು ಪೆನ್ನು ಕೆಳಗಿಟ್ಟರು.
ಇದು ಅವರ ಗುಣ ಅಲ್ರಿ, ಗುಳಗಿ ಗುಣ.
ಮೊದಲ ಕೇಳಬೇಕಾಗಿತ್ತು ನಾನು.

ಸಣ್ಣ ಗುಳಗಿ ಸ್ವಲ್ಪ ಸ್ವಲ್ಪ ಇಳಿಸಿದರು.
ದೀಪಾವಳಿ ಹೊತ್ತಿಗೆ ಅಂಕಿ ನಿಂತುವು.
ಕಣ್ಣಿನ ಹೊಳಪೂ.

ಒಂದ ಮಾತು ಯಾರನ್ನೂ ಕೇಳಿಲ್ಲ ನಾ:
ಓಸಿ ಬರಸಿದ್ದು ಗುಳಗಿ ಆದರ
ಅವತ್ತ ಲಾಳಿ ಒಗದವರು ಯಾರು?
ನನ್ನ ನೋಡಿ ಕಣ್ಣು ಮಿಟಿಕಿಸಿದ್ದು?

ಈಗ ಹತ್ತೂ ಐವತ್ತು.
ಹೆಬ್ಬಟ್ಟು ಮತ್ತ ರೊಕ್ಕ ಎಣಿಸಾಕ ಹತ್ತೈತಿ.
ಸೆರಗಿಗೆ ಇನ್ನೂ ನೂರಾ ಹನ್ನೆರಡು ಎಳಿ ಬಾಕಿ,
ಕೊಂಡಿ ನಾ ಹಾಕಾಕ ಹತ್ತೀನಿ.
ಅವರು ವಾಟಗ ಹಿಡಕೊಂಡು ಕುಂತಾರ,
ನೀರು ಅಂಚಿಗೆ ಬಂದು ಬಂದು ಹಿಂದ ಸರೀತೈತಿ.

ತಡೀರಿ ಅಂದೆ,
ಇನ್ನೂ ಹತ್ತು ಮಿನಿಟು.