ಬೊಳ್ಳಿಯ ಹಲ್ಲು

ಕುರ್ಚಿಯಿಂದ ಇಳಿದವಳೇ ಬೊಳ್ಳಿ ಕೇಳಿದ್ದು ಒಂದೇ:
"ಹಲ್ಲೆಲ್ಲಿ? ಕೊಡಿ."
ಬಾಯಲ್ಲಿ ಹತ್ತಿ, ಮಾತಿನ ತುಂಬ ರಕ್ತ.
ವಿರಾಜಪೇಟೆಯ ಡೆಂಟಲ್ ಕಾಲೇಜಿನಲ್ಲಿ
ಕಿತ್ತ ಹಲ್ಲನ್ನು ಯಾರೂ ವಾಪಸು ಕೇಳುವುದಿಲ್ಲ.
ಹೆಬ್ಬೆಟ್ಟಿನ ನೀಲಿ ಇನ್ನೂ ಒಣಗಿರಲಿಲ್ಲ;
ಕಾಗದ ಓದಿ ಹೇಳಿದವಳು ನಾನೇ,
ಕಂಡಕ್ಟರ್ ಊರ ಹೆಸರು ಕೂಗುವ ಹಾಗೆ, ಬೇಗ ಬೇಗ.

ಸಂಜೆ ಕೊಡುತ್ತೇನೆ ಎಂದೆ.
ಅವಳು ಮೆಟ್ಟಿಲ ಮೇಲೆ ಕೂತಳು.

ಒಳಗೆ ಹಲ್ಲನ್ನು ಎರಡು ಹೋಳು ಮಾಡಿದೆ.
ಬುದ್ಧಿಹಲ್ಲಿಗೆ ಬುದ್ಧಿ ಇಲ್ಲ, ಬಿಡಿ,
ತಿರುಳಿದೆ.
ಹಿಸುಕಿದ ಕಾಫಿಹಣ್ಣಿನ ಲೋಳೆಯಷ್ಟು, ಕೆಂಪಗೆ.
ಅದರಲ್ಲಿ ಇನ್ನೂ ಏನೂ ಆಗದೆ ಉಳಿದ ಆಕರಕೋಶಗಳು:
ಮೂಳೆಯಾಗಬಹುದು, ನರವಾಗಬಹುದು,
ದವಡೆಯ ಮೂಲೆಯಲ್ಲಿ ಮೂವತ್ತು ವರ್ಷ
ಸುಮ್ಮನೆ ಇರಲೂಬಹುದು.

ಸಂಜೆ ಬರಿದಾದ ಹೋಳುಗಳನ್ನು ಅವಳ ಅಂಗೈಗಿಟ್ಟೆ.
ತಿರುಗಿಸಿ ನೋಡಿದಳು.
ಸೈಕಲ್ ಶೆಡ್ಡಿನ ತಗಡಿನ ಮೇಲೆ ಎಸೆದಳು, ಎರಡೂ.
ಠಣ್. ಸ್ವಲ್ಪ ತಡೆದು, ಠಣ್.

ಮೂರು ವಾರದಲ್ಲಿ ತಿರುಳು ತಟ್ಟೆ ತುಂಬಿತು.
ನಾನು ಅವ್ವನ ರಕ್ತ ತಂದೆ.
ಕಡಂಬುಟ್ಟು ಉರುಟಲಾರದ ಅವ್ವ;
ಕಾವಲಿಗಿಟ್ಟ ಕೋವಿ ಮನೆಯವರ ಮೇಲೇ ತಿರುಗಿ
ಹತ್ತು ವರ್ಷ, ಗೆಣ್ಣುಗೆಣ್ಣಿಗೂ ಗುಂಡು.
ಆ ಬಿಳಿ ಕಣಗಳನ್ನು ಬೊಳ್ಳಿಯ ಕೋಶಗಳ ಪಕ್ಕ ಬಿಟ್ಟು
ಬಾಗಿಲು ಹಾಕಿದೆ.

ಮೊದಲು ಏನೂ ಇಲ್ಲ.
ಗದ್ದಲ ಮುಟ್ಟುವ ತನಕ ಅವು ಕದಲುವುದಿಲ್ಲ.
ಸಿಟ್ಟಿನ ಕಣಗಳು ಉಗುಳಿದ ಇಂಟರ್‌ಫೆರಾನ್
ಮೈಗೆ ತಾಗಿದ ಮೇಲೆಯೇ ಎದ್ದವು.
ಕೈಲ್‌ಪೊಳ್ದಿಗೆ ಕೋವಿಯ ಬಾಯಿಗೆ ತೋಕ್‌ಪೂ ಸಿಕ್ಕಿಸಿದಂತೆ
ಎಂದು ಬರೆಯುವ ಆಸೆ ನನಗೂ ಇತ್ತು.
ಆದರೆ ಇದು ಹೂವಿನದಲ್ಲ, ಅನ್ನದ ಲೆಕ್ಕ:
ಜಗಳಕ್ಕೆ ಬೇಕಾದ ಒಂದು ತುತ್ತನ್ನು
ತಾವೇ ಉಂಡು ಮುಗಿಸುತ್ತವೆ,
ಹಸಿದ ಕೈ ತಾನಾಗಿ ಇಳಿಯುತ್ತದೆ.
ಕಾವಲುಗಾರರನ್ನು ಕಾಯುವ ನಾಲ್ಕು ಕಣಗಳನ್ನು
ಹತ್ತು ಮಾಡುತ್ತವೆ. ಅಷ್ಟೇ.
ಪರಕೀಯವೆಂದು ಅವನ್ನು ಯಾರೂ ಬೇಗ ಗುರುತಿಸುವುದಿಲ್ಲ.

ಎಲ್ಲ ತಟ್ಟೆಯಲ್ಲೂ ಹೀಗಲ್ಲ.
ಏಳನೆಯದರಲ್ಲಿ, ಒಂಬತ್ತರಲ್ಲಿ
ಬಿಡಿಸಲು ಹೋದವೇ ಸತ್ತು ತೇಲುತ್ತಿದ್ದವು.
ಅದನ್ನೂ ಪುಸ್ತಕದಲ್ಲಿ ಬರೆದೆ, ಅದೇ ಶಾಯಿಯಲ್ಲಿ.
ಗಾಜಿನಲ್ಲಿ ಇಳಿದ ಕೈ
ಅವ್ವನ ಕೈಯಲ್ಲಿ ಇಳಿದೀತೆಂದು ಯಾರೂ ಹೇಳಿಲ್ಲ.

ಬುಧವಾರದ ಸಂತೆಯಲ್ಲಿ ಬೊಳ್ಳಿ ಸಿಕ್ಕಳು,
ಮುಂದೆ ಕಣಿಲೆಯ ರಾಶಿ, ಕೆನ್ನೆಯ ಬಾವು ಇಳಿದಿತ್ತು.
"ಒಳಗಿನದ್ದು ಏನು ಮಾಡ್ತಿದೆ?"
"ಜಗಳ ಬಿಡಿಸ್ತಿದೆ" ಎಂದೆ.
ನಕ್ಕಳು. "ನನ್ನ ಬಾಯಲ್ಲಿದ್ದಾಗ
ಒಂದು ರಾತ್ರಿ ನಿದ್ದೆ ಕೊಡಲಿಲ್ಲ, ಕಳ್ಳಿ!"
ಆಮೇಲೆ ಕೇಳಿದಳು: "ಯಾರ ಜಗಳ?"

ಹೋದ ಕೊಯ್ಲಿಗೆ ಅವಳ ಎರಡು ಚೀಲದ ಕೂಲಿ
ತೂಕ ಸಾಲದೆಂದು ಮುರಿದುಕೊಂಡ ಕೈ
ಯಾರದೆಂದು ಇಬ್ಬರಿಗೂ ಗೊತ್ತು.

ಒಂದು ಕಟ್ಟು ಕಣಿಲೆ ಕೊಂಡೆ.
ಅವಳು ಹೇಳಿದ ಬೆಲೆಯನ್ನೇ ಕೊಟ್ಟೆ.
ಚಿಲ್ಲರೆ ಎಣಿಸುತ್ತ ಬೊಳ್ಳಿ
ನಾಲಿಗೆಯ ತುದಿಯಿಂದ
ಖಾಲಿ ಜಾಗವನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದಳು.