ಅಲೆಗೇ ಹೆಚ್ಚು ತೂಕ

ಹನ್ನೊಂದು ಜೀಬಿ.
ನೋಲ್ಬೆರ್ತೊ ಚಿಗ್ವಾಯ್ ಎಂಬ ಮುದುಕ
ಒಂದು ಗಂಟೆ ಇಪ್ಪತ್ತು ನಿಮಿಷ
ಅಡುಗೆಮನೆಯ ಮೇಜಿಗೆ ಮೊಣಕೈ ಊರಿ
ದೋಣಿ ಕಟ್ಟುವ ಬಗ್ಗೆ ಆಡಿದ, ಆಡದೆ ಬಿಟ್ಟ
ಮಾತಿನ ಒಟ್ಟು ಭಾರ.

ಅಚಾವೊದಲ್ಲಿ ನೆಟ್‌ವರ್ಕ್ ಅಂದರೆ ಜೆಟ್ಟಿಯ ತುದಿ,
ಅದೂ ಗಾಳಿ ಒಪ್ಪಿದರೆ.
ಅಲ್ಲಿಂದ ಹತ್ತಿಸಲು ಹೋದರೆ
ಆನೆ ದಾಟುತ್ತದೆ, ಬಾಲ ಸಿಕ್ಕಿಕೊಳ್ಳುತ್ತದೆ
ನೂರಕ್ಕೆ ತೊಂಬತ್ತೊಂಬತ್ತರಲ್ಲಿ.

ಅದಕ್ಕೇ ಈ ರಾತ್ರಿ ಒಲೆಗೆ ಸೌದೆ ತುಂಬಿ
ಕುಗ್ಗಿಸಲು ಕೂತಿದ್ದೇನೆ.
ಲ್ಯಾಪ್‌ಟಾಪಿನ ಫ್ಯಾನು ಬುಸುಗುಡುತ್ತಿದೆ,
ಬೆಕ್ಕು ಅದರ ಬಿಸಿಗೆ ಬೆನ್ನು ಕೊಟ್ಟಿದೆ.

ಇದರ ಲೆಕ್ಕ ತಿಳಿಯಲು ನನಗೆ ಎರಡು ಚಳಿಗಾಲ ಹಿಡಿಯಿತು.
ಎಲ್ಲವನ್ನೂ ಬರೆದಿಡುವುದಿಲ್ಲ ಅದು.
ಒಂದು ಚಿತ್ರ ಪೂರ್ತಿ; ಆಮೇಲೆ
ಏನು ಬದಲಾಯಿತೋ ಅಷ್ಟೇ,
ಅಂಗಡಿಯ ಉದ್ರಿ ಪುಸ್ತಕದ ಹಾಗೆ.
ಗೋಡೆ: ಮೇಲಿನಂತೆ. ಕೆಟಲು: ಮೇಲಿನಂತೆ.
ಮುದುಕನ ಹೆಗಲು: ಮೇಲಿನಂತೆ, ಮೇಲಿನಂತೆ.

ಮತ್ತೆ ಖರ್ಚೆಲ್ಲ ಎಲ್ಲಿಗೆ?
ಅವನ ಹಿಂದಿನ ಕಿಟಕಿಗೆ.
ಅಲ್ಲಿ ಕಡಲು ಮಿನುಗುತ್ತಿದೆ,
ಒಂದು ಮಿನುಗಿನಂತೆ ಇನ್ನೊಂದಿಲ್ಲ,
ಮೇಲಿನಂತೆ ಎಂದು ಬರೆದು ಕೈತೊಳೆಯಲಾಗದು.
ಎಂಬತ್ತೊಂದು ವರ್ಷದ ಮನುಷ್ಯ ಅಲ್ಲಾಡದೆ ಕೂತಿದ್ದಕ್ಕೆ ಬಿಡಿಗಾಸು,
ನೀರಿನ ಮೇಲಿನ ಬಿಸಿಲಿಗೆ ಚೀಲಗಟ್ಟಲೆ.
ಅವನ ತಮ್ಮನನ್ನು ನುಂಗಿದ್ದೂ ಅದೇ ನೀರು.

ಇದು ಯಾವ ನ್ಯಾಯ ಅಂತ ಒಬ್ಬಳೇ ಜಗಳ ಆಡಿ
ಇನ್ನೂ ಹಿಂಡಿದೆ. ಇಪ್ಪತ್ತೆಂಟು. ಮೂವತ್ತನಾಲ್ಕು.
(ಅಂಕಿ ಏರಿದಷ್ಟೂ ಚಿತ್ರ ಇಳಿಯುತ್ತದೆ, ಅದರ ರೀತಿಯೇ ಹಾಗೆ.)
ಕಡಲು ಚೌಕ ಚೌಕವಾಗಿ ಒಡೆಯಿತು.
ಅವನ ಸುಕ್ಕುಗಳಿಗೆ ಯಾರೋ ಇಸ್ತ್ರಿ ಹಾಕಿದರು.
ನಲವತ್ತರ ಯಾರೋ ಅಪರಿಚಿತ
ನೋಲ್ಬೆರ್ತೊನ ದನಿಯಲ್ಲಿ ಮಾತಾಡುತ್ತಿದ್ದ.
ಹೆದರಿ ಹಿಂದಕ್ಕೆ ಬಂದೆ.

ಚಿತ್ರವೇ ಬೇಡ, ದನಿ ಸಾಕು.
ಕೇಳುವವರು ಸಾಲ್ಮನ್ ಕಾರ್ಖಾನೆಯ ಪಾಳಿಯಲ್ಲಿ
ಕೈಗವಸು ತೊಟ್ಟು ನಿಂತವರು,
ನೋಡಲು ಪುರುಸೊತ್ತೆಲ್ಲಿ ಅವರಿಗೆ?
ಮೂವತ್ತೆಂಟು ಎಂಬಿ. ಜೇಬಿಗೆ ಹಗುರ.

ಆದರೆ ನಲವತ್ತೇಳನೆಯ ನಿಮಿಷ.
ನಾನು ಕೇಳಿದ್ದೆ, ಕೇಳಬಾರದಿತ್ತೇನೋ:
ಅರ್ನೋಲ್ದೊ ಹೋದದ್ದು ನೀವೇ ಕಟ್ಟಿದ ದೋಣಿಯಲ್ಲಿ, ಅಲ್ಲವೇ?
ಅವನು ಏನೂ ಹೇಳಲಿಲ್ಲ.
ಹೆಬ್ಬೆರಳನ್ನು ಮೇಜಿಗೆ ಒತ್ತಿ
ಬಾಗಿದ ಗೆರೆಯೊಂದನ್ನು ಎಳೆದ,
ಮೂತಿಯಿಂದ ಹಿಂಬದಿಗೆ, ಹಬೆಯಲ್ಲಿ ಬೆಂದ ಹಲಗೆ ಬಾಗುವ ಹಾಗೆ.
ಮುಕ್ಕಾಲು ದಾರಿಗೆ ಬೆರಳು ನಿಂತಿತು.
ಅಲ್ಲಿ.

ವೀಡಿಯೊದಲ್ಲಿ ಇದೆ.
ದನಿಯಲ್ಲಿ ಹನ್ನೆರಡು ಸೆಕೆಂಡು ಬಯಲು.

ಮೌನ ಕತ್ತರಿಸಲೇ? ಎಂದಿತು ತಂತ್ರಾಂಶ.
ಏನು ವಿನಯ! ಗದ್ದಲ ತೆಗೆಯಲೇ? ಎಂದೂ ಕೇಳಿತು.
ಯಾವ ಗದ್ದಲ? ಹೆಡ್‌ಫೋನು ಒತ್ತಿ ಹಿಡಿದೆ.
ಒಲೆಯ ಚಿಟಚಿಟ. ದೂರದಲ್ಲೊಂದು ನಾಯಿ.
ಅವುಗಳ ಅಡಿಯಲ್ಲಿ, ಮರದ ಮೇಲೆ ಒರಟು ಚರ್ಮ,
ಸರಸರ ಅಲ್ಲ, ಅದಕ್ಕಿಂತ ಒಣ.
ನಿಂತಿತು.
ಆಮೇಲೆ ಟಕ್ ಅಂತ ಸಣ್ಣದೊಂದು.

ಎರಡಕ್ಕೂ ಬೇಡ ಎಂದು ಒತ್ತಿದೆ.
ವಿವರಿಸೋಣವೆಂದು ಮೈಕಿನ ಮುಂದೆ ಬಾಯಿ ತೆರೆದೆ,
"ಇಲ್ಲಿ ಅವರು ಬೆರಳಿನಿಂದ..."
ಅಳಿಸಿದೆ.

ಭಾನುವಾರ ಜೆಟ್ಟಿಯಲ್ಲಿ ಕಡತ ಹತ್ತಿತು, ಬಾಲ ಸಮೇತ.
ಸಂಜೆ ಅವನ ಮನೆಯಲ್ಲಿ, ಅದೇ ಮೇಜು.
ಮೊಮ್ಮಗಳು ಯೆಸೇನಿಯ ಫೋನನ್ನು ಅವನ ಕಿವಿಗೆ ಹಿಡಿದಿದ್ದಳು.
ಯಾರಿವನು, ಮೂಗಿನಲ್ಲಿ ಮಾತಾಡುವವನು? ಎಂದು ಗೊಣಗಿದ.
ನಲವತ್ತೇಳು ಬಂತು.
ನಾನು ನೆಲ ನೋಡಿದೆ.
ಹನ್ನೆರಡೂ ಸೆಕೆಂಡು ಕೇಳಿದ,
ಇನ್ನೊಮ್ಮೆ ಹಾಕು ಎಂದು ಮತ್ತೂ ಹನ್ನೆರಡು.

"ಆ ಟಕ್ ಕೇಳಿಸಿತೇ?" ಅಂದ.
"ಮೇಜಿನ ಎಡಗಾಲು ಸಡಿಲ.
ಇಷ್ಟು ದಿನ ಕೂತು ಉಂಡರೂ ಗೊತ್ತೇ ಆಗಿರಲಿಲ್ಲ."

ಇನ್ನೇನಾದರೂ ಹೇಳುತ್ತಾನೆಂದು ಕಾದೆ.
ಸುತ್ತಿಗೆ ಹಿಡಿದು ಮೇಜಿನಡಿಗೆ ನುಸುಳುತ್ತಿದ್ದ,
ಬಾಯಿ ತುಂಬ ಆಗಲೇ ಮೊಳೆ.